ಕುದಿಸಿದ ಕತ್ತರಿ

ಬೆಂದ ಮೆಕ್ಕೆಜೋಳದ ವಾಸನೆ, ಅದರೊಳಗೆ ಇನ್ನೇನೋ ಸಿಹಿಸಿಹಿ ಸೇರಿಕೊಂಡಿದೆಯಲ್ಲ, ಎಂದು ಪ್ರಯೋಗಾಲಯದ ಬಾಗಿಲಲ್ಲಿ ನಿಂತವಳ ಮೂಗು ತಕರಾರು ತೆಗೆಯಿತು, ಕಣ್ಣು ಮಾತ್ರ ಇನ್ನೂ ಕೈಯಲ್ಲಿದ್ದ ಪರೀಕ್ಷೆಯ ಪಟ್ಟಿಯ ಮೇಲೇ ಇತ್ತು, ಜೋಳದ ಬೂಷ್ಟಿನ ವಿಷ ಇದ್ದ ಹಾಗೇ ಇದೆ, ಅದನ್ನು ಮುರಿಯುವ ಕಿಣ್ವ ಹಾಕಿದ ಮೇಲೂ, ಹಾಗಾದರೆ ಕಿಣ್ವ ಏನು ಮಾಡುತ್ತಿತ್ತು, ಆಕಳಿಸುತ್ತಿತ್ತೇ, ಆ ಮೇವು ಹೊತ್ತ ಲಾರಿ ಆಗಲೇ ಹೋಗಿದೆ, ತಂಗಿಯ ಬಾತುಕೋಳಿ ಫಾರ್ಮಿಗೆ, ಅಕ್ಕಾ ಮರಿಗಳು ಬರೀ ತೊಟ್ಟಿ ಕುಕ್ತಿವೆ ಕಣೇ, ನಿನ್ನ ಪರೀಕ್ಷೆ ಮುಗಿಯೋಷ್ಟ್ರಲ್ಲಿ ಅವಕ್ಕೆ ಮೊಮ್ಮಕ್ಕಳಾಗಿರುತ್ತೆ, ಎಂದು ಅವಳು ನಗಿಸಿದ್ದೇ ತಡ, ಪರೀಕ್ಷೆಗೆ ಕಾಯದೆ ಕಳಿಸಿಬಿಡಿ ಎಂದವಳು ತಾನೇ, ಇಷ್ಟು ದಿನ ಕೈಕೊಡದ ಕಿಣ್ವ ಇವತ್ತೇಕೆ ಕೊಡಬೇಕು, ಬಾತುಮರಿಯ ಯಕೃತ್ತು ಈ ವಿಷಕ್ಕೆ ಎಷ್ಟು ಬೇಗ ಸೋಲುತ್ತದೆಂದು ಊರಿಗೆಲ್ಲ ಪಾಠ ಹೇಳುವವಳೂ ತಾನೇ. ಯಾವಾಗ ಹಾಕಿದಿರಿ ಮೇಸ್ತ್ರಿ, ಆವಿ ಮುಗಿದು ಮೇವಿನ ಗುಳಿಗೆ ಆರಿದ ಮೇಲೆ ತಾನೇ? ಇಲ್ಲ ಮೇಡಂ, ಈ ಸಲ ಮುಂಚೇನೇ ಹಿಟ್ಟಿಗೆ ಹಾಕ್ದೆ, ಆವೀಲಿ ಹಾದು ಬರ್ಲಿ ಅಂತ, ಮರಿಗಳಿಗೆ ಅಂದ್ರಲ್ಲ, ನೀವೇ ಹೇಳಿದ್ರಿ ಇದು ಕತ್ತರಿ ಇದ್ದ ಹಾಗೆ, ವಿಷಾನ ತುಂಡು ಮಾಡುತ್ತೆ ಅಂತ, ಕತ್ತರಿ ಅಂದ್ಮೇಲೆ ಕುದಿಸ್ಬೇಕಲ್ವಾ, ನಮ್ಮಮ್ಮನ ಹೊಲಿಗೆ ಬಿಚ್ಚುವಾಗ ನರ್ಸು ಕುದಿಸಿದ್ದು ನೋಡಿದೀನಿ. ಮೇಸ್ತ್ರಿಯ ಮುಖದಲ್ಲಿ ಈಗಷ್ಟೇ ಕೈ ತೊಳೆದು ಬಂದವನ ತೃಪ್ತಿ, ಉಪಮೆ ತನ್ನದೇ, ಕೊಟ್ಟ ದಿನ ಎಲ್ಲರೂ ತಲೆದೂಗಿದ್ದರು, ಮೊಟ್ಟೆಯ ಬಿಳಿಯ ಹಾಗೆ ಎಂದಿದ್ದರೆ ಯಾರೂ ಬಿಸಿಯ ಹತ್ತಿರ ಒಯ್ಯುತ್ತಿರಲಿಲ್ಲ, ಆದರೆ ಕತ್ತರಿ ಎನ್ನುವುದು ಕೇಳುವುದಕ್ಕೆ ಚೆಂದ — ಚೆಂದವೇ, ಚಿಕ್ಕಂದಿನಲ್ಲಿ ಅಮ್ಮನ ಕಿತ್ತಳೆ ಹಿಡಿಯ ಕತ್ತರಿ, ತಂಗಿ ನರ್ಸು, ತಾನು ಡಾಕ್ಟರು, ಗೊಂಬೆಗೆ ಆಪರೇಷನ್, ಕುದಿಯುವ ನೀರಿಗೆ ಬಿಟ್ಟು ತೆಗೆದರೆ ಅಲಗು ಫಳಫಳ, ಪ್ಲಾಸ್ಟಿಕ್ ಹಿಡಿ ಮಾತ್ರ ಜೋತುಬಿದ್ದ ಕಿವಿ, ಬೆರಳು ತೂರುವ ಜಾಗವೇ ಮುಚ್ಚಿಹೋಗಿ, ಇನ್ನಿದರಲ್ಲಿ ಏನು ಕತ್ತರಿಸ್ತೀರೇ, ನನ್ನ ತಲೇನಾ, ಎಂದಿದ್ದಳು ಅಮ್ಮ, ಆವಿಯ ಬಿಸಿಗೆ ಕಿಣ್ವಕ್ಕೂ ಆಗಿರುವುದು ಅಷ್ಟೇ, ಎಲ್ಲವೂ ಇದೆ, ಬಾಗಿಲಲ್ಲಿ ಮೂಗಿಗೆ ಬಡಿದ ಸಿಹಿಯೂ ಅದು ಬೆಂದದ್ದೇ, ಆಕಾರವೊಂದಿಲ್ಲ, ಅತ್ತ ತಂಗಿಯ ಫೋನು ಹೊಡೆದುಕೊಳ್ಳುತ್ತಿದೆ, ಎತ್ತು ಮಾರಾಯ್ತಿ, ಲಾರಿ ದಾರಿಯಲ್ಲಿ ಕೆಟ್ಟಿರಲಿ, ಚಕ್ರ ಪಂಕ್ಚರಾಗಿರಲಿ, ಚಾಲಕ ಎಲ್ಲೋ ಚಹಾ ಕುಡಿಯುತ್ತ ಹರಟುತ್ತಿರಲಿ, ಎತ್ತು — ಅಕ್ಕಾ, ನೂರು ವರ್ಷ ನಿನಗೆ, ಈಗ ತಾನೇ ಸುರಿದ್ವಿ, ಹೇಗೆ ಮುಗಿಬಿದ್ದಿವೆ ಗೊತ್ತಾ, ಇರು, ನೀನೇ ಕೇಳು. ತೆಗಿ, ತೊಟ್ಟಿ ತೆಗಿ, ತಿನ್ನೋಕೆ ಬಿಡಬೇಡ ಕಣೇ, ಎಂದು ಅವಳು ಹೇಳುತ್ತಲೇ ಇದ್ದಾಳೆ, ಆದರೆ ಫೋನು ತಂಗಿಯ ಕಿವಿಯಲ್ಲಿಲ್ಲ, ತೊಟ್ಟಿಯ ಮೇಲೆ ತೂಗುತ್ತಿದೆ, ಅದರೊಳಗಿಂದ ಕಚಕಚ ಕಚಕಚ, ಪುಟ್ಟ ಕೊಕ್ಕುಗಳು ತೆರೆದು ಮುಚ್ಚಿ, ತೆರೆದು ಮುಚ್ಚಿ, ಒಂದೊಂದೂ ಹರಿತ, ಒಂದೊಂದೂ ಸರಿಯಾಗಿ ಕೂಡುವ ಕತ್ತರಿ, ಮತ್ತು ಅವುಗಳ ನಡುವೆ ಅಮ್ಮನ ಆ ಕಿತ್ತಳೆ ಹಿಡಿಯದು, ಕಿವಿ ಜೋತುಬಿದ್ದು, ಬಾಯಿ ತೆರೆದು, ಮುಚ್ಚದೆ.