ಮೀನ್ ಬಂತಾ ಅಂದ ಪೆಟ್ಟಿಗೆ

ಹೊಗೆ ಬರಲಿಲ್ಲ, ಸದ್ಯ, ಮೂಗಿಗೆ ಹತ್ತಿದ್ದು ಬೆಸುಗೆಯ ರಾಳದ ವಾಸನೆ ಮಾತ್ರ, ಚಿಪ್ ಸುಟ್ಟರೆ ಬರುವ ಕಮಟು ಬೇರೆಯೇ, ವಿದ್ಯುತ್ ಸ್ಥಾವರದಲ್ಲಿ ಮೀಟರು ರಿಪೇರಿ ಮಾಡುತ್ತಲೇ ವಯಸ್ಸಾದ ತುಳಸಿದಾಸನ ಮೂಗಿಗೆ ಅದು ಗೊತ್ತು — ಟೀವಿಯ ಪರದೆ ಬೆಳ್ಳಗೆ ಮೂಡಿತು, ಕೆಳಗೆ ಅಕ್ಷರದ ಸಾಲೂ ಬಂತು, ಹಾಗಾದರೆ ಜೀವ ಇದೆ, ರಬ್ಬರಿನ ಕೀಲಿಗಳ ಈ ಪುಟ್ಟ ಕಪ್ಪು ಕಂಪ್ಯೂಟರಿಗೆ ಇನ್ನೂ ಜೀವ ಇದೆ. ಅದರ ಬೆನ್ನ ಸೀಳಿನಲ್ಲಿ ಐದು ವೋಲ್ಟಿನ ಪಕ್ಕದಲ್ಲೇ ಒಂಬತ್ತು ವೋಲ್ಟು, ನಡುವೆ ಕೂದಲೆಳೆಯ ಜಾಗ, ಒಂದು ಹನಿ ಬೆಸುಗೆ ಅತ್ತ ಹರಿದಿದ್ದರೆ ಎಲ್ಲ ಮುಗಿದಂತೆ, ಇನ್ನೊಂದನ್ನು ಎಲ್ಲಿಂದ ತರುವುದು, ಹೆಂಡತಿ ಮಂದಾಕಿನಿಯ ಅಣ್ಣ ಪುಂಡಲೀಕ ಹಡಗಿನಲ್ಲಿದ್ದಾಗ ಯಾವುದೋ ಬಂದರಿನಿಂದ ತಂದುಕೊಟ್ಟದ್ದು, ಈಗ ಅಂಕೋಲೆಯಿಂದ ಬಂದಾಗಲೆಲ್ಲ ಅವನೇ ನಗುತ್ತಾನೆ, ಭಾವಾ, ಈ ಹಳೇ ಡಬ್ಬಿ ಇಟ್ಕಂಡು ಎಂತ ಮಾಡ್ತ್ರಿ, ಕಾರವಾರದಲ್ಲಿ ಓಣಿಗೊಂದು ಸೈಬರ್ ಕೆಫೆ ಆಗದೆ, ಹೊಸಾದೊಂದು ತಕಣಿ — ಹೊಸದರ ಹೊಟ್ಟೆಗೆ ಕೈ ಹಾಕಲಿಕ್ಕೆ ಬರೂದಿಲ್ಲ ಮಾರಾಯ, ಇದರ ನಾಡಿ ಬೆನ್ನ ಮೇಲೇ ಸಿಗ್ತದೆ. ತುಳಸಿದಾಸ ಅಷ್ಟೇ ಹೇಳಿದ್ದ. ಹಿಂದೆ ಅದೇ ಸೀಳಿಗೆ ಸರ್ಕಿಟ್ ಹಲಗೆಯೊಂದನ್ನು ಸಿಕ್ಕಿಸಿ ಮೆಮೊರಿ ಹೆಚ್ಚಿಸಿದ್ದು ಪುಂಡಲೀಕನಿಗೆ ಗೊತ್ತು, ಈ ಸಲ ಗಂಟಲು ಜೋಡಿಸುತ್ತಿರುವುದು ಗೊತ್ತಿಲ್ಲ.

ಗಂಟಲು, ಹೌದು, ಮುಂಬಯಿಯಿಂದ ಅಂಚೆಯಲ್ಲಿ ತರಿಸಿದ ಹಳೆಯ ಮಾತಿನ ಚಿಪ್, ಅದಕ್ಕೆ ಶಬ್ದಗಳು ಗೊತ್ತಿಲ್ಲ, ಬರೀ ದನಿಗಳು ಗೊತ್ತು, ಅದೂ ಇಂಗ್ಲಿಷಿನವು, ನಮ್ಮ ತ ಇಲ್ಲ, ಳ ಇಲ್ಲ, ಇದ್ದದ್ದರಲ್ಲೇ ಹೊಂದಿಸಬೇಕು, ಕೀಲಿ ಒತ್ತಿದರೆ ಒಂದು ಮಾತು, ಮಂದಾ ಒತ್ತಿದರೆ ಮಂದಾಳ ಮಾತು. ಅವಳ ಥೈರಾಯ್ಡಿನ ಗಡ್ಡೆ ತೆಗೆಯುವ ಮೊದಲೇ ಡಾಕ್ಟರು ಹೇಳಿದ್ದರು, ದನಿಯ ನರ ಅಲ್ಲೇ ಹಾಯ್ತದೆ, ಸ್ವಲ್ಪ ಪೆಟ್ಟಾಗಿ ದನಿ ಹೋಗಬಹುದು, ನಿಧಾನಕ್ಕೆ ಸರಿ ಹೋಗ್ತದೆ, ಆದರೆ ಪ್ರಯತ್ನ ಬಿಡಬಾರದು. ಆಪರೇಷನ್ ಆದಮೇಲೆ ಒಂದೇ ಸಲ ಪ್ರಯತ್ನಿಸಿದಳು, ಪಂಕ್ಚರಾದ ಸೈಕಲ್ ಟ್ಯೂಬಿನ ಹಾಗೆ ಬರೀ ಗಾಳಿ ಬಂತು, ಅವತ್ತು ಮುಚ್ಚಿದ ಬಾಯಿ ಮತ್ತೆ ತೆರೆಯಲಿಲ್ಲ. ಮಲ್ಲಾಪುರದ ಈ ಕ್ವಾರ್ಟರ್ಸಿನ ಜಗಲಿಯಲ್ಲಿ ನಿಂತು ಅಷ್ಟು ದೂರದಲ್ಲಿರುವ ಮೀನಿನ ಹೊನ್ನಮ್ಮನನ್ನು ಮೀನ್ ಬಂತಾ ಎಂದು ಕರೆದು ಬುಟ್ಟಿ ಇಳಿಸಿ ಬಂಗಡೆಯ ಕಿವಿರು ಎತ್ತಿ ನೋಡಿ, ಇದು ನಿನ್ನೆದಲ್ವೇನೇ ಎಂದು ಜಗಳಕ್ಕೆ ನಿಲ್ಲುತ್ತಿದ್ದವಳು, ಈಗ ಹೊನ್ನಮ್ಮ ಕೂಗಿದರೆ ಬಾಗಿಲು ಎಳೆದುಕೊಳ್ಳುತ್ತಾಳೆ, ಗಂಡನನ್ನು ಕರೆಯಬೇಕಾದರೆ ಲೋಟಕ್ಕೆ ಚಮಚ ಬಡಿಯುತ್ತಾಳೆ, ಟಣ್ ಟಣ್. ಪೆಟ್ಟಿಗೆ ಮಾತಾಡ್ತದೆ, ನಿನಗೆ ಅಂತಲೇ, ಎಂದು ಹೇಳಿದ ದಿನ ಅವಳು ಚಿಪ್ ಕೂರಿಸಿದ ಹಲಗೆಯನ್ನು ನೋಡಿದಳು, ಆಮೇಲೆ ಅವನನ್ನು, ಆ ನೋಟ — ನನ್ನ ದನಿ ಇನ್ನು ಬರೂದಿಲ್ಲ ಅಂತ ನಿಮಗೂ ಅನಿಸ್ತಾ, ಅವಳು ಅದನ್ನು ಹೇಳಲಿಲ್ಲ, ಹೇಳುವ ಹಾಗಿರಲಿಲ್ಲ, ಅವನಿಗೆ ಕೇಳಿಸಿತು, ಅಂದಿನಿಂದ ಬೆಸುಗೆ ಕಡ್ಡಿ ಹಿಡಿದಾಗೆಲ್ಲ ಅದೇ ಕೇಳಿಸುತ್ತದೆ, ಬಿಟ್ಟುಬಿಡಲೇ, ಬಿಟ್ಟರೆ ಸುಮ್ಮನೆ ಕೂತು ಅವಳ ಮುಖ ನೋಡುವುದು ಹೇಗೆ.

ಸ್ಪೀಕರಿನಲ್ಲಿ ಬರೀ ಸೊಂಯ್ ಎನ್ನುವ ಸದ್ದು, ಮಾತಿಲ್ಲ, ಇರಲಿ, ಸತ್ತಿಲ್ಲವಲ್ಲ, ಮೊದಲು ಸ್ವಿಚ್ ಆಫ್, ಆಮೇಲೆ ಹಲಗೆ ಕೀಳಬೇಕು, ಭೂತಗನ್ನಡಿ ಎಲ್ಲಿ — ಇಗೋ, ಚಿಪ್ಪಿನ ಒಂದು ಕಾಲು ಬೆಸುಗೆಯಲ್ಲಿ ನಿಂತ ಹಾಗೆ ಕಾಣುತ್ತದೆ, ಹಿಡಿದಿಲ್ಲ, ಉಗುರು ತಾಗಿಸಿದರೆ ಅಲ್ಲಾಡುತ್ತದೆ, ಕಾಸಿ ಒಂದು ಹನಿ, ಊದಿ ಆರಿಸಿದ್ದಾಯಿತು, ಮತ್ತೆ ಸಿಕ್ಕಿಸಿ ಕ್ಯಾಸೆಟ್ ಹಾಕಿದ, ಕೀರಲು ಸದ್ದಿನಲ್ಲಿ ಪ್ರೋಗ್ರಾಮು ಒಳಗೆ ಹೋಗುತ್ತಿತ್ತು, ಭಾನುವಾರದ ಮಧ್ಯಾಹ್ನ, ಬಾಗಿಲಲ್ಲಿ ಮಂದಾಕಿನಿ ಚಾ ಹಿಡಿದು ನಿಂತಿದ್ದಳು, ಯಾವಾಗ ಬಂದಳೋ, ನೋಡದವನ ಹಾಗೆ ಅವನು ಕೀಲಿ ಒತ್ತಿದ. ಮೇನ್ ಬಾಂಟಾ, ಎಂದಿತು ಪೆಟ್ಟಿಗೆ, ಗಂಡಸಿನ ದನಿ, ಮೂಗು ಕಟ್ಟಿಕೊಂಡ ಯಾರೋ ವಿದೇಶಿ ನಾವಿಕ ಕಾರವಾರದ ಪೇಟೆಯಲ್ಲಿ ಮೀನು ಕೇಳಿದ ಹಾಗೆ, ಮತ್ತೊಮ್ಮೆ ಮೇನ್ ಬಾಂಟಾ, ಅವನಿಗೆ ನಾಚಿಕೆಯಾಯಿತು, ಇಷ್ಟು ಕಷ್ಟಪಟ್ಟು ಹೆಂಡತಿಗೆ ಕೊಡುವ ದನಿಯೇ ಇದು, ಆಫ್ ಮಾಡಲು ಕೈ ಚಾಚಿದಾಗ ಬೆನ್ನ ಹಿಂದೆ ಏನೋ ಕಿರ್ ಎಂದಿತು, ಸ್ಪೀಕರಲ್ಲ, ತಿರುಗಿದ, ಚಾ ಸಾಸರಿಗೆ ಚೆಲ್ಲಿತ್ತು, ಮಂದಾ ನಗುತ್ತಿದ್ದಳು, ನಗು ಒಡಕಾಗಿ ಗೊರಗೊರ ಎಂದು ದನಿಯಾಗಿ ಹೊರಗೆ ಬೀಳುತ್ತಿತ್ತು, ತಡೆಯಲಾರದೆ ಬಾಗಿಲ ಚೌಕಟ್ಟಿಗೆ ಒರಗಿದಳು, ಆಮೇಲೆ ತನ್ನದೇ ಸದ್ದು ಕೇಳಿ ಬೆಚ್ಚಿದಳು, ಬಾಯಿ ಮುಚ್ಚಲು ಹೋದವಳು ಮುಚ್ಚಲಿಲ್ಲ. ಇದ್ ನಾನಾ, ಎಂದಳು, ಮರಳಿನ ಮೇಲೆ ದೋಣಿ ಎಳೆದಂಥ ದನಿ, ಆದರೆ ದನಿ, ನಂಗೆ ಇಷ್ಟ್ ಶೀತ ಆಗೂದಿಲ್ಲ.

ಪುಂಡಲೀಕನಿಗೆ ಫೋನ್ ಮಾಡಬೇಕು, ಡಾಕ್ಟರಿಗೆ ಹೇಳಬೇಕು, ಟೀವಿ ಆರಿಸಬೇಕು, ಚಾ ಆರುತ್ತಿದೆ, ಪೆಟ್ಟಿಗೆ ತನ್ನ ಪಾಡಿಗೆ ಮೇನ್ ಬಾಂಟಾ ಎಂದು ಕೇಳುತ್ತಲೇ ಇದೆ, ಕೇಳಲಿ — ನಗುವಾಗ ಅವಳ ಗಂಟಲ ಕುಳಿ ನಡುಗಿತ್ತು, ನೋಡಿದೆನಲ್ಲ, ಎಷ್ಟು ದಿನ ಕಲ್ಲಿನ ಹಾಗಿದ್ದ ಜಾಗ, ಹಲಗೆಯನ್ನು ಇನ್ನು ಕಿತ್ತಿಟ್ಟರೂ ಆಯಿತು, ಬೇಡ, ಇರಲಿ, ಇನ್ನೂ ನಗಲಿ, ಕರಿಮಣಿಯ ಸ್ವಲ್ಪ ಮೇಲೆ ಆ ಕುಳಿ, ನಡುಗಿದ್ದು, ಡಾಕ್ಟರಿಗೆ ಏನೆಂದು ಹೇಳುವುದು, ಏನೂ ಬೇಡ, ಆ ಕುಳಿ, ಆಗಷ್ಟೇ ಹುಟ್ಟಿದ ಹಕ್ಕಿಮರಿಯ ಎದೆಯ ಹಾಗೆ, ಗಂಟಲ ಕುಳಿ, ನಡುಗುತ್ತ