ಚಮಚದಿಂದ ಜಾರದ ಗಂಜಿ

ಇಳಕಲ್ಲಿನ ನಮ್ಮ ಓಣಿಯಲ್ಲಿ ಬನಶಂಕ್ರವ್ವನಿಗೆ ಗಂಜಿ ಕುದಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉಣ್ಣುವ ಗಂಜಿಯಲ್ಲ, ಸೀರೆಯ ನೂಲಿಗೆ ಹಚ್ಚುವ ಗಂಜಿ. ಬೆಳಿಗ್ಗೆ ಓಣಿಯುದ್ದಕ್ಕೂ ನೂಲು ಎಳೆದು ಕಟ್ಟಿ, ಜೋಳದ ಹಿಟ್ಟಿನ ಗಂಜಿ ಸವರಿ ಒಣಗಿಸಿದರೆ ಎಳೆ ಗಟ್ಟಿಯಾಗುತ್ತದೆ, ಮಗ್ಗದ ಏಟಿಗೆ ಹರಿಯುವುದಿಲ್ಲ. ಯಾರ ಮನೆಯ ಒಲೆಯ ಮೇಲೆ ಗಂಜಿ ಕುದಿದರೂ ಇವಳು ಸೌಟು ಎತ್ತಿ ನೋಡಿ, "ಇನ್ನೊಂದು ಕುದಿ ಬೇಕವಾ" ಅನ್ನುವವಳೇ. ಎದುರು ಮನೆಯವಳಾದ ನಾನು ಎಷ್ಟು ಸಲ ಬೈಸಿಕೊಂಡಿದ್ದೇನೋ ಲೆಕ್ಕವಿಲ್ಲ. ಆದರೆ ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಅಂಥವಳ ಮನೆಯ ಕೂಸೇ ಸೊರಗತೊಡಗಿತು.

ಕೂಸಿನ ಹೆಸರು ನೀಲಾಂಬಿಕಾ. ಬನಶಂಕ್ರವ್ವನ ಮಗ ವಿಜಯಮಹಾಂತೇಶ, ಸೊಸೆ ಭುವನೇಶ್ವರಿ, ಅವರ ಚೊಚ್ಚಲ ಮಗಳು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲನ್ನಷ್ಟೇ ಕುಡಿದು ಗುಂಡು ಗುಂಡಗೆ ಬೆಳೆದಿತ್ತು. ಮಗ್ಗದ ಸಪ್ಪಳ ಕೇಳಿದರೆ ಸಾಕು, ಕಾಲು ಬಡಿದು ನಗುತ್ತಿತ್ತು. ಎಂಟನೇ ತಿಂಗಳು ಬರುವಷ್ಟರಲ್ಲಿ ಆ ನಗು ಮಾಯ. ಹಗಲೆಲ್ಲ ಕಿರಿಕಿರಿ. ಒಂದು ದಿನ ನಾನು ಎತ್ತಿಕೊಂಡರೆ ಹತ್ತಿಯಷ್ಟು ಹಗುರ.

"ನಿನ್ನ ಹಾಲಿನ್ಯಾಗ ಸತ್ವಿಲ್ಲ ಭುವನಾ, ಅದಕ್ಕ ಕೂಸು ಹಿಂಗಾಗೇತಿ," ಎಂದು ಅತ್ತೆ ಎಲ್ಲರೆದುರು ಅಂದುಬಿಡುತ್ತಿದ್ದಳು. ಸೊಸೆ ಪಾಪ, ತಲೆ ತಗ್ಗಿಸಿ ಅಳು ನುಂಗುತ್ತಿದ್ದಳು.

ತೂಕದ ದಿನ ಅಂಗನವಾಡಿಯ ಸುಧಾರಾಣಿ ಕೂಸನ್ನು ತಕ್ಕಡಿಗೆ ಹಾಕಿ ಮುಖ ಸಣ್ಣದು ಮಾಡಿದಳು.

"ಎಳ್ಳಷ್ಟೂ ಏರಿಲ್ರಿ. ಏನ್ ಉಣಸ್ತೀರಿ ಕೂಸಿಗೆ?"

"ಅನ್ನದ ತಿಳಿ, ಬ್ಯಾಳಿ ತಿಳಿ. ಅರಿವ್ಯಾಗ ಸೋಸಿ ಕುಡಸ್ತೇನಿ," ಎಂದಳು ಬನಶಂಕ್ರವ್ವ. "ಮೂರು ಹಡದು ಬೆಳಿಸೇನಿ. ನೀ ನನಗ ಹೇಳಾಕ ಬರಬ್ಯಾಡ."

"ತಿಳಿ ಅಂದ್ರ ನೀರs ಆತಲ್ರಿ ಅವ್ವಾರ. ಕೂಸಿನ ಹೊಟ್ಟಿ ಸಣ್ಣದು. ಅದನ್ನ ನೀರಿಲೇ ತುಂಬಿದ್ರ ಅನ್ನಕ್ಕ ಜಾಗಾ ಎಲ್ಲಿರತೈತಿ? ತಾಯಿ ಹಾಲು ಛಲೋನ ಐತ್ರಿ, ಅದನ್ನ ಬಿಡಸಬ್ಯಾಡ್ರಿ. ಆದ್ರ ಆರು ತಿಂಗಳ ತುಂಬಿದ ಮ್ಯಾಲೆ ಹಾಲೊಂದ ಸಾಲೂದಿಲ್ಲ. ಗಟ್ಟಿ ಗಂಜಿ ಮಾಡಿ ಉಣಸ್ರಿ."

"ಗಟ್ಟಿ? ಹಲ್ಲಿಲ್ಲದ ಕೂಸಿಗೆ? ಗಂಟಲದಾಗ ಸಿಕ್ಕೊಂಡ್ರ ನೀ ಬರ್ತಿಯೇನು?"

"ಮೆತ್ತಗಿರಬೇಕ್ರಿ, ಗಂಟು ಇರಬಾರದು. ಆದ್ರ ನೀರಾಗಬಾರದು." ಸುಧಾರಾಣಿ ದನಿ ತಗ್ಗಿಸಿದಳು. "ತೂಕ ಹಿಂಗs ನಿಂತ್ರ ಕೂಸಿನ್ನ ಬಾಗಲಕೋಟಿ ದವಾಖಾನಿಗೆ ಸೇರಸಬೇಕಾಗತೈತಿ, ನೋಡ್ರಿ."

ಭುವನೇಶ್ವರಿಯ ಮುಖ ಬಿಳುಪೇರಿತು. ಬನಶಂಕ್ರವ್ವ ಮಾತ್ರ, "ಹೋಗ್ ಹೋಗ, ನಿನ್ನೆ ಮೊನ್ನಿ ಹುಟ್ಟಿದಾಕಿ," ಎಂದು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದಳು. ಮಗನನ್ನು ಕೇಳಿದರೆ, "ಅವ್ವ ಹೇಳೂದು ಖರೆ ಇರಬೇಕು, ಸುಧಾಕ್ಕ ಹೇಳೂದೂ ಖರೆ ಇರಬೇಕು," ಎಂದು ಮಗ್ಗದ ಕೆಳಗಿನ ಕುಣಿಗೆ ಇಳಿದು ನೇಯತೊಡಗಿದ. ಗಂಡಸರು ಎಷ್ಟು ಸಲೀಸಾಗಿ ಪಾರಾಗುತ್ತಾರೆ ನೋಡಿ!

ಮತ್ತೆ ಅದೇ ತಿಳಿ, ಅದೇ ಅಳು.

ಹೀಗಿರುವಾಗ ಅವರ ಮನೆಯ ನೂಲಿಗೆ ಗಂಜಿ ಹಚ್ಚುವ ದಿನ ಬಂತು. ನಾನು ನೂಲಿನ ಇನ್ನೊಂದು ತುದಿ ಹಿಡಿದು ಓಣಿಯಲ್ಲಿ ನಿಂತಿದ್ದೆ. ರಚ್ಚೆ ಹಿಡಿದ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಭುವನೇಶ್ವರಿಯೇ ಗಂಜಿ ಕುದಿಸಿದ್ದಳು. ಪಾತ್ರೆ ಹೊರಗೆ ಬಂದಿದ್ದೇ ತಡ, ಬನಶಂಕ್ರವ್ವ ಸೌಟು ಎತ್ತಿ ಓರೆ ಮಾಡಿದಳು. ಗಂಜಿ ಸೊರ್ರೆಂದು ಸುರಿಯಿತು.

"ಏ ಭುವನಾ! ಇದು ಗಂಜಿನೋ, ಮಜ್ಜಿಗಿನೋ? ಇಂಥಾ ನೀರು ಹಚ್ಚಿದ್ರ ಎಳಿಗೆ ಕಸುವು ಎಲ್ಲಿಂದ ಬರಬೇಕು? ನಾಳಿ ಮಗ್ಗದಾಗ ಪಟಪಟ ಹರೀತಾವು!"

ಇಡೀ ಓಣಿಗೆ ಕೇಳಿಸಿತು. ಭುವನೇಶ್ವರಿ ಒಳಗೆ ಹೋಗಿ ಕೂಸಿಗೆಂದು ಸೋಸಿಟ್ಟಿದ್ದ ತಿಳಿಯ ಬಟ್ಟಲನ್ನು ತಂದಳು. ಅತ್ತೆಯ ಎದುರಿಗೆ ಒಂದು ಚಮಚ ಎತ್ತಿ ಓರೆ ಮಾಡಿದಳು. ತಿಳಿಯೆಲ್ಲ ಹರಿದು ಕಟ್ಟೆಯ ಕಲ್ಲಿನ ಮೇಲೆ ಬಿತ್ತು. ಚಮಚದಲ್ಲಿ ಒಂದು ಅಗುಳೂ ಉಳಿಯಲಿಲ್ಲ.

"ಅತ್ತಿ," ಎಂದಳು. "ನೂಲಿಗೆ ಬ್ಯಾಡಾದ ನೀರು ನನ್ನ ಮಗಳಿಗೆ ಹ್ಯಾಂಗ ಬೇಕಾತ್ರಿ? ಆಕಿಗೆ ಕಸುವು ಎಲ್ಲಿಂದ ಬರಬೇಕು?"

ಮದುವೆಯಾಗಿ ಬಂದಾಗಿನಿಂದ ಆ ಹುಡುಗಿ ಎದುರಾಡಿದ್ದನ್ನು ನಾನು ಕೇಳಿರಲಿಲ್ಲ. ಇನ್ನೇನು ಜಗಳ ಬೀಳುತ್ತದೆ ಎಂದುಕೊಂಡೆ. ಬನಶಂಕ್ರವ್ವ ಕಲ್ಲಿನ ಮೇಲಿನ ತಿಳಿಯನ್ನು ನೋಡಿದಳು, ತನ್ನ ಕೈಯ ಸೌಟನ್ನು ನೋಡಿದಳು. ಆಮೇಲೆ ಕೂಸಿನ ಒಣಗಿದ ಕೈಯನ್ನು ಹಿಡಿದುಕೊಂಡಳು. ಅವಳ ಕಣ್ಣು ತುಂಬಿ ಬಂದವು.

"ಯವ್ವಾ, ನಾ ಎಂಥಾ ಕೆಲಸ ಮಾಡಿದ್ನೆ! ತಪ್ಪು ನಿನ್ನ ಹಾಲಿಂದಲ್ಲ ಭುವನಾ, ನನ್ನ ಸೌಟಿಂದು." ತಿರುಗಿ ಮನೆಯೊಳಕ್ಕೆ ಕೂಗಿದಳು. "ಮಹಾಂತೇಶಾ! ಮಗ್ಗ ಬಿಟ್ಟು ಏಳು! ಓಡಿ ಸುಧಾರಾಣಿನ್ನ ಕರಕೊಂಡ ಬಾ! ನೂಲು ನಾಳಿಗಿರಲಿ!"

ಸುಧಾರಾಣಿ ಅಂದಿಗೆ ಸಾಲುವಷ್ಟು ಹುರಿದು ಬೀಸಿದ ಹಿಟ್ಟನ್ನು ಜೊತೆಗೆ ತಂದು ಅಡುಗೆಮನೆಯಲ್ಲಿ ಕೂತಳು. "ಅಂಗಡಿ ಡಬ್ಬಿನs ಬೇಕಂತೇನಿಲ್ರಿ, ನಿಮ್ಮ ಮನ್ಯಾಗs ಎಲ್ಲಾ ಐತಿ," ಎಂದು ಶುರು ಮಾಡಿದಳು. "ಎರಡು ಪಾಲು ಜ್ವಾಳ ಇಲ್ಲಾ ಅಕ್ಕಿ, ಒಂದು ಪಾಲು ಹೆಸರಬ್ಯಾಳಿ. ತೊಳದು ಒಣಗಿಸಿ, ಬ್ಯಾರೆ ಬ್ಯಾರೆ ಘಮ್ಮನ್ನೂ ಹಂಗ ಹುರೀರಿ. ನುಣ್ಣಗ ಬೀಸಿಸಿ, ಜರಡಿ ಹಿಡದು, ಒಣಾ ಡಬ್ಬಿಯೊಳಗ ಹಾಕಿ ಬಿಗಿ ಮುಚ್ಚಿಡ್ರಿ. ಉಣಸೂ ಹೊತ್ತಿಗೆ ಬೇಕಾದಷ್ಟ ಹಿಟ್ಟು ತಣ್ಣೀರಾಗ ಗಂಟಿಲ್ಲದಂಗ ಕಲಸಿ, ಸಣ್ಣ ಉರಿ ಮ್ಯಾಲೆ ತಿರುವಿಕೋತ ಛಂದಂಗ ಬೇಯಿಸ್ರಿ. ಇಳಿಸಿ ಒಂದ್ ಚೂರು ತುಪ್ಪ ಹಾಕ್ರಿ."

"ಉಪ್ಪು? ಸಕ್ರಿ?" ಎಂದು ಭುವನೇಶ್ವರಿ ಕೇಳಿದಳು.

"ವರ್ಷ ತುಂಬೂತನಾ ಬ್ಯಾಡ್ರಿ. ಜೇನಂತೂ ಮುಟ್ಟಸಬ್ಯಾಡ್ರಿ. ಬಾಟ್ಲಿನೂ ಬ್ಯಾಡ, ತೊಳದ ಬಟ್ಟಲ, ತೊಳದ ಚಮಚ ಸಾಕು. ಮುಂಜಾನಿ ಉಳದದ್ದನ್ನ ಸಂಜಿಗೆ ಇಡಬ್ಯಾಡ್ರಿ."

ಬನಶಂಕ್ರವ್ವ ಸೌಟಿಗೆ ಕೈ ಹಾಕಿದಳು. ಸುಧಾರಾಣಿ ತಟ್ಟನೆ ತಡೆದಳು. "ಮೊದಲ ಸಾಬಾಣ ಹಚ್ಚಿ ಕೈ ತೊಳ್ಕೋರಿ ಅವ್ವಾರ. ಕೂಸಿಗೆ ನೂಲಿನ ಗಂಜಿ ಬ್ಯಾಡ!" ಎಲ್ಲರೂ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತೋ.

ಗಂಜಿ ಕುದಿಯಿತು. ಬನಶಂಕ್ರವ್ವ ಚಮಚ ಎತ್ತಿ ಓರೆ ಮಾಡಿದಳು. ಜಾರಿತು. "ಇನ್ನೊಂದು ಕುದಿ ಬೇಕು!" ಎಂದು ತಾನೇ ತಿರುವಿದಳು. ಮತ್ತೆ ಓರೆ ಮಾಡಿದಳು. ಗಂಜಿ ಚಮಚದಲ್ಲೇ ನಿಂತಿತು. "ಹಾಂ! ಈಗಾತ ನೋಡು!"

ಆರಿಸಿ, ಕೂಸನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಭುವನೇಶ್ವರಿ ಮೊದಲ ಚಮಚ ಬಾಯಿಗಿಟ್ಟಳು. ನೀಲಾ ಮುಖ ಕಿವಿಚಿ ಥೂ ಎಂದು ಅಜ್ಜಿಯ ಸೀರೆಯ ಮೇಲೆ ಉಗಿದಳು.

"ಹೆದರಬ್ಯಾಡ್ರಿ," ಎಂದಳು ಸುಧಾರಾಣಿ. "ನಾಲಿಗಿ ಹೊಸಾದು ಕಲೀಬೇಕಲ್ರಿ. ಒತ್ತಾಯ ಮಾಡಬ್ಯಾಡ್ರಿ, ಬಿಡಲೂ ಬ್ಯಾಡ್ರಿ. ಇವತ್ತ ಎರಡು ಚಮಚ ಸಾಕು. ದಿನಾ ಎರಡು ಮೂರು ಸಲ ಕೊಡ್ರಿ, ಮೆಲ್ಲಕ ಹೆಚ್ಚಸ್ಕೋತ ಹೋಗ್ರಿ."

ಮರುದಿನವೂ ಉಗಿದಳು. ಅದರ ಮರುದಿನ ಒಂದಿಷ್ಟು ನುಂಗಿದಳು. ವಾರ ಕಳೆಯುವಷ್ಟರಲ್ಲಿ ಚಮಚ ಕಂಡರೆ ಸಾಕು, ಬಾಯಿ ತೆರೆದು ಮುಂದೆ ಬಾಗುತ್ತಿದ್ದಳು. ಒಂದೊಂದೇ ಹೊಸದು ಬಂತು: ಬೇಯಿಸಿ ಕಿವಿಚಿದ ಕುಂಬಳಕಾಯಿ, ನುಣ್ಣಗೆ ಅರೆದ ಪಾಲಕ, ಹಿಸುಕಿದ ಬಾಳೆಹಣ್ಣು. ತಾಯಿಯ ಹಾಲು ಇದ್ದೇ ಇತ್ತು.

ಮುಂದಿನ ತೂಕದ ದಿನ ಅಂಗನವಾಡಿಗೆ ಓಣಿಯ ಅರ್ಧ ಹೆಂಗಸರು ಬಂದಿದ್ದರು. ಕೂಸನ್ನು ತಕ್ಕಡಿಗೆ ಹಾಕಿದಾಗ ಭುವನೇಶ್ವರಿ ಕಣ್ಣು ಮುಚ್ಚಿಕೊಂಡಳು.

"ಏರೇತ್ರಿ!" ಎಂದು ಸುಧಾರಾಣಿ ಕೂಗಿದಳು. "ಭಾಳ ಛಲೋ ಏರೇತಿ! ಬಾಗಲಕೋಟಿ ದವಾಖಾನಿ ಬ್ಯಾಡs ಬ್ಯಾಡ!"

ಬನಶಂಕ್ರವ್ವ ಮೊಮ್ಮಗಳನ್ನು ಎರಡೂ ಕೈಯಿಂದ ಮೇಲೆತ್ತಿ ಓಣಿಯ ನಡುವೆಯೇ ನಡೆದಳು. "ನೋಡ್ರೆವಾ, ನನ್ನ ಬಂಗಾರ ನೋಡ್ರಿ!" ಮನೆಯ ಮುಂದೆ ಬಂದಾಗ ಒಳಗೆ ಮಗ್ಗದ ಸಪ್ಪಳ ಕೇಳಿಸಿತು. ನೀಲಾ ಕಾಲು ಬಡಿದು ಕಿಲಕಿಲ ನಕ್ಕಳು. ಆಗ ಬನಶಂಕ್ರವ್ವ ಸೊಸೆಯನ್ನು ಹತ್ತಿರ ಕರೆದು ಎಲ್ಲರೆದುರೇ ಹೇಳಿದಳು: "ಅವತ್ತ ನನ್ನ ಸೊಸಿ ಬಾಯಿ ತಗದಳು. ಅದಕ್ಕs ಇವತ್ತ ನನ್ನ ಮೊಮ್ಮಗಳು ಬಾಯಿ ತಗದಾಳ."

ಅಕ್ಕ ತಂಗಿಯರೇ, ನಿಮ್ಮ ಮನೆಯಲ್ಲೂ ಆರು ತಿಂಗಳು ತುಂಬಿದ ಕೂಸು ಇದೆಯೇ? ಎದೆಹಾಲು ನಿಲ್ಲಿಸಬೇಡಿ, ಅದರ ಜೊತೆಗೆ ಇವತ್ತೇ ಗಂಜಿ ಶುರು ಮಾಡಿ. ಕೂಸು ಸೊರಗಿದರೆ ತಾಯಿಯನ್ನು ಬೈಯಬೇಡಿ, ಬಟ್ಟಲನ್ನು ನೋಡಿ, ಅಂಗನವಾಡಿಗೆ ಹೋಗಿ ತೂಕ ಮಾಡಿಸಿ. ಉಣಿಸುವ ಮುಂಚೆ ಚಮಚವನ್ನೊಮ್ಮೆ ಓರೆ ಮಾಡಿ. ಗಂಜಿ ಜಾರಿದರೆ ಇನ್ನೊಂದು ಕುದಿ ಕುದಿಸಿ. ನಿಂತರೆ, ಆರಿಸಿ ಕೂಸಿನ ಬಾಯಿಗಿಡಿ.