ಶುಕ್ರವಾರಕ್ಕೆ ಮುಗಿಯುವ ಡಿಕ್ರಿ

ಕಪಾಟಿನಿಂದ ಇನ್ನೊಂದು ಅಂಗಿ ಎಳೆದು ಹೆಂಡತಿ ಮಂಚದ ಮೇಲೆ ಎಸೆದಳು. ಇದರ ತೋಳಿನಲ್ಲೂ ಚೂಪಾದ ಇಸ್ತ್ರಿಯ ಗೆರೆ. ನಿನ್ನೆ ಸಂಜೆ ರಿಪೇರಿ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದ ಗಂಡ ಹೊರಗಿನ ಕೋಣೆಯಲ್ಲಿ ಹೊದಿಕೆಯಡಿ ಮಲಗಿದ್ದ. ಮಸಣದ ಗಾಡಿ ಬರುವುದರೊಳಗೆ ಅಂಗಿ ತೊಡಿಸಬೇಕು.

"ಯಾವ್ದಾದ್ರೂ ಒಂದು ಕೊಡಿ ಅತ್ತಿಗೆ. ಎಲ್ಲಾ ಚೆನ್ನಾಗೇ ಇವೆಯಲ್ಲ," ಎಂದಳು ನಾದಿನಿ.

"ಚೆನ್ನಾಗಿರೋದೇ ರೋಗ."

ಕಡೆಗೆ ಹಿತ್ತಲ ತಂತಿಯ ಮೇಲೆ ಒಂದು ನೀಲಿ ಅಂಗಿ ಸಿಕ್ಕಿತು, ಒಣಗಿ ಮುದುಡಿದ್ದು. ಸದ್ಯ, ಅದನ್ನು ಆ ಇಸ್ತ್ರಿಯವಳು ಮುಟ್ಟಿರಲಿಲ್ಲ. ತೋಳಿನೊಳಗೆ ತೂರಿಸುವಾಗ ಗಂಡನ ಕೈ ತಣ್ಣಗೆ ಕೊರೆಯುತ್ತಿತ್ತು.

*

ಕೋರ್ಟಿಗೆ ಹಾಕಿಸಿದ್ದು ಹೆಂಡತಿಯೇ. ಮೋಟಾರು ರಿಪೇರಿಯ ಗಂಡನಿಗೆ ಇಲ್ಲ ಎನ್ನಲು ಬಾರದು. ಇಸ್ತ್ರಿ ಅಂಗಡಿ ಇಡುತ್ತೇನೆಂದ ಹೆಂಗಸಿಗೆ ಸಾಲ ಕೊಟ್ಟ. ಹಣ ಹಿಂತಿರುಗಲಿಲ್ಲ. "ಅವಳ ಮೇಲೆ ಅದೇನು ಅಷ್ಟು ಕನಿಕರ? ಕೋರ್ಟಿಗೆ ಹಾಕಿ," ಎಂದು ಹೆಂಡತಿ ಪಟ್ಟು ಹಿಡಿದಳು. ಹಣ ಕಟ್ಟಬೇಕೆಂದು ಡಿಕ್ರಿ ಆಯಿತು. ಅಂಗಡಿ ಜಪ್ತಿ ಮಾಡಿಸುವುದು ಬಿಟ್ಟು ಮಹಾರಾಯ ತಿಂಗಳ ಮೊದಲ ಭಾನುವಾರ ತಾನೇ ವಸೂಲಿಗೆ ಹೊರಟ. ಹೋಗುವಾಗ ಮುದುಡಿದ ಅಂಗಿ, ಬರುವಾಗ ಗರಿಗರಿ.

"ದುಡ್ಡು ಕೊಟ್ಳಾ?"

"ಚೂರು ಕೊಟ್ಳು. ಬಡ್ಡಿ ಅಂತ ಅಂಗಿ ಇಸ್ತ್ರಿ ಮಾಡ್ಕೊಟ್ಳು."

"ಮೈಮೇಲಿದ್ದಾಗ್ಲೇ?"

ಗಂಡ ನಕ್ಕುಬಿಟ್ಟ. ಹೆಂಡತಿ ಹುಟ್ಟಿದ ದಿನವನ್ನು ವರ್ಷವರ್ಷವೂ ಮರೆಯುವವನು ಆ ಭಾನುವಾರವನ್ನು ಒಮ್ಮೆಯೂ ಮರೆಯಲಿಲ್ಲ. ವಕೀಲರ ಗುಮಾಸ್ತನಾಗಿದ್ದ ಅವಳ ತಮ್ಮ, "ಡಿಕ್ರಿಗೆ ಆಯಸ್ಸು ಹನ್ನೆರಡೇ ವರ್ಷ ಅಕ್ಕ," ಎಂದಿದ್ದ. ಅಂದಿನಿಂದ ಅದು ಸಾಯುವುದನ್ನೇ ಕಾದಳು. ಸತ್ತದ್ದು ಗಂಡ.

*

ತಮ್ಮ ಅವಳನ್ನು ಅಡುಗೆಮನೆಗೆ ಕರೆದ. "ಹೇಳೋ ಹೊತ್ತಲ್ಲ ಅಕ್ಕ. ಆ ಇಸ್ತ್ರಿಯವಳ ಡಿಕ್ರಿ ಶುಕ್ರವಾರಕ್ಕೆ ಮುಗಿಯುತ್ತೆ. ಅಷ್ಟರೊಳಗೆ ನಿನ್ನ ಹೆಸರಲ್ಲಿ ಜಾರಿಗೆ ಅರ್ಜಿ ಹಾಕಿದ್ರೆ ಉಂಟು. ಇಲ್ಲಾಂದ್ರೆ ರದ್ದಿ ಕಾಗದ."

"ಹಾಕು. ಅವಳ ಅಂಗಡಿ ಬಾಗಿಲು ಹಾಕಿಸು. ಕಣ್ತುಂಬ ನೋಡ್ತೀನಿ."

ಹೊರಗೆ ಬಂದರೆ ಇಸ್ತ್ರಿಯವಳೇ ನಿಂತಿದ್ದಳು, ಕಂಕುಳಲ್ಲಿ ಕಾಗದದ ಪೊಟ್ಟಣ. ಹಣೆಯಲ್ಲಿ ಬೆವರು, ತಲೆಯೆಲ್ಲ ನರೆ. ಮಲಗಿದ್ದವನ ಮುದುಡಿದ ಕಾಲರನ್ನು ಕಂಡು ಅವಳ ಕೈ ತಾನಾಗಿ ಮುಂದೆ ಬಂತು.

"ಮುಟ್ಬೇಡ," ಎಂದಳು ಹೆಂಡತಿ.

ಕೈ ಹಿಂದೆ ಹೋಯಿತು. "ಶುಕ್ರವಾರದ ವಿಷಯ ನಂಗೂ ಗೊತ್ತಮ್ಮ. ನೀವು ಅರ್ಜಿ ಹಾಕಿ. ತಿಂಗ್ಳು ತಿಂಗ್ಳೂ ಇಲ್ಲಿಗೇ ತಂದು ಕೊಡ್ತೀನಿ. ಸಾಲಗಾರಳು ಅಂತಾದ್ರೂ ಈ ಮನೆಗೆ ಬರ್ಬಹುದಲ್ಲ. ಅದೂ ಹೋದ್ರೆ ನಾನು ಅವ್ರಿಗೆ ಏನೂ ಅಲ್ಲ."

ಹೆಂಡತಿ ಆ ಮುಖವನ್ನು ದಿಟ್ಟಿಸಿದಳು. ಹಾಗಾದರೆ ಇವಳಿಗೆ ಬೇಕಾದದ್ದು ಇದು. ಅವಳು ಎಲ್ಲರಿಗೂ ಕೇಳುವಂತೆ ತಮ್ಮನನ್ನು ಕರೆದಳು.

"ಅರ್ಜಿ ಬೇಡ ಕಣೋ. ಶುಕ್ರವಾರ ಬಂದು ಹೋಗ್ಲಿ." ಇಸ್ತ್ರಿಯವಳತ್ತ ತಿರುಗಿದಳು. "ನೀನು ನಮಗೇನೂ ಕೊಡ್ಬೇಕಾಗಿಲ್ಲ. ಬರೋದೂ ಬೇಡ."

"ಎಂಥ ದೊಡ್ಡ ಮನಸ್ಸು," ಎಂದಳು ಪಕ್ಕದ ಮನೆಯಾಕೆ. ನಾದಿನಿ ಕಣ್ಣೊರೆಸಿಕೊಂಡಳು. ಹೊಟ್ಟೆಕಿಚ್ಚಿಗೆ ಇಷ್ಟು ಒಳ್ಳೆಯ ಹೆಸರು ಆ ಬೀದಿಯಲ್ಲಿ ಹಿಂದೆಂದೂ ಬಂದಿರಲಿಲ್ಲ.

ಇಸ್ತ್ರಿಯವಳು ಪೊಟ್ಟಣವನ್ನು ಸ್ಟೂಲಿನ ಮೇಲಿಟ್ಟಳು. "ಹೋದ ಭಾನುವಾರ ಅಂಗಿ ಬಿಟ್ಟು ಹೋಗಿದ್ರು," ಎಂದು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು.

ಅವಳು ತಿರುವು ದಾಟುವವರೆಗೂ ನೋಡಿ, ಕಸದ ಬುಟ್ಟಿಗೆ ಹಾಕಲೆಂದು ಹೆಂಡತಿ ಪೊಟ್ಟಣ ಎತ್ತಿಕೊಂಡಳು. ಈಗಷ್ಟೇ ಇಸ್ತ್ರಿಯಾದ ಅಂಗಿ. ಕಾಗದದ ಮೇಲಿಂದಲೂ ಬೆಚ್ಚಗಿತ್ತು.

"ಅತ್ತಿಗೆ, ಬನ್ನಿ, ಗಾಡಿ ಬಂತು," ನಾದಿನಿ ಕರೆದಳು.

ಬುಟ್ಟಿಯ ಪಕ್ಕದಲ್ಲಿ, ಎರಡೂ ಅಂಗೈಗಳ ನಡುವೆ ಪೊಟ್ಟಣ ಒತ್ತಿಕೊಂಡು, ಅದು ಆರುವವರೆಗೂ ಅವಳು ನಿಂತೇ ಇದ್ದಳು.